ಹದಿನಾಲ್ಕು ಅರಿವೆ ಹಾಸುವಷ್ಟು ಜಾಗ

ಕುಷ್ಟಗಿ
9 ಜುಲೈ 2001

ಮಾನ್ಯ ಪ್ರೊಫೆಸರ್ ಯಂಕೇಶ ಅವರಿಗೆ,

ನೆರಳು ಆಸ್ಪತ್ರೆಯ ಔಷಧಿ ಕೋಣೆಯಿಂದ ಹುಲಗೆಮ್ಮ ಬರೆಯುವುದು. ಗುಲಬರ್ಗಾದ ನಿಮ್ಮ ಎಂಜಿನಿಯರಿಂಗ್ ಕಾಲೇಜಿನಿಂದ ಬಂದ ನಾಲ್ಕು ಪುಟದ ನಮೂನೆ ಮುಟ್ಟಿದೆ. ನಮ್ಮ ಹೊಸ ಕಟ್ಟಡದಲ್ಲಿ ಔಷಧಿ ಕೋಣೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ನೀವು ಕಂಪ್ಯೂಟರ್ ಮೂಲಕ ಹೇಳುತ್ತೀರಂತೆ. ಕಮಿಟಿಯ ಅಧ್ಯಕ್ಷರಾದ ವಿರುಪಣ್ಣ ಮಾಸ್ತರರು ಹಾಗೆ ತಿಳಿಸಿದರು.

ಅದನ್ನು ನಾನೇ ಹೇಳಬಲ್ಲೆ. ಮೂವತ್ತಾರು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಸಾಲು ಇದೆ. ನಡುವೆ ಒಂದು ಗೋಡೆ. ಗೋಡೆಯ ಈಚೆ ಔಷಧಿ ಕೋಣೆ, ಆಚೆ ಜನ ಕಾಯುವ ಪಡಸಾಲೆ. ಕೊಪ್ಪಳದ ಎಂಜಿನಿಯರರು ನಮಗೆ ಹತ್ತು ಅಡಿ ಬಿಟ್ಟು ಗೋಡೆಯ ಗೆರೆ ಎಳೆದಿದ್ದಾರೆ. ಹದಿನೆಂಟು ಅಡಿ ಬೇಕು ಎಂದು ನಾನು ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ದಸರೆ ಮುಗಿದ ಮೇಲೆ ಪಾಯ ತೋಡುತ್ತಾರೆ. ಆಮೇಲೆ ಯಾರ ಮಾತೂ ನಡೆಯುವುದಿಲ್ಲ.

ಈಗ ನಾನು ಕೆಲಸ ಮಾಡುವುದು ಮೆಟ್ಟಿಲಿನ ಕೆಳಗಿನ ಎಂಟು ಅಡಿಯ ಗೂಡಿನಲ್ಲಿ. ತಿರುಗುವ ಕುರ್ಚಿಯಲ್ಲಿ ಕೂತವರಿಗೆ ಇದು ಅರ್ಥವಾಗುವುದು ಕಷ್ಟ. ನಾನು ದೊಡ್ಡ ಪುಸ್ತಕಗಳನ್ನು ಓದಿದವಳಲ್ಲ. ಡಿಪ್ಲೊಮಾ ಮುಗಿಸಿದ್ದೇನೆ, ಉಳಿದದ್ದು ಕೊಪ್ಪಳದ ಬಸ್ ನಿಲ್ದಾಣದಲ್ಲಿ ಎರಡು ರೂಪಾಯಿಗೆ ಸಿಗುವ ಕಿರುಹೊತ್ತಿಗೆಗಳಿಂದ ಕಲಿತದ್ದು. ಅವುಗಳಲ್ಲಿ ಒಂದು ಮಾತಿದೆ: ಔಷಧ ದಾನವಲ್ಲ, ದುಡಿಯುವವನ ಹಕ್ಕು. ನಿಮ್ಮ ನಮೂನೆಯಲ್ಲಿ ಆ ಹಕ್ಕನ್ನು ಬರೆಯಲು ಖಾನೆ ಇಲ್ಲ. ಆದರೂ ತುಂಬಿ ಕಳಿಸುತ್ತೇನೆ.

ಹುಲಗೆಮ್ಮ
ಫಾರ್ಮಾಸಿಸ್ಟ್


ಗುಲಬರ್ಗಾ
17 ಜುಲೈ 2001

ಹುಲಗೆಮ್ಮ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹದಿನೆಂಟು ಅಡಿ ಬೇಕು ಎಂದಿದ್ದೀರಿ, ಯಾಕೆ ಬೇಕು ಎಂದು ಬರೆದಿಲ್ಲ. ಕಮಿಟಿಯವರೂ ಅದನ್ನೇ ಕೇಳಿರಬೇಕು.

ನಾನು ಮಾಡುವುದು ಇಷ್ಟು. ನಿಮ್ಮ ಆಸ್ಪತ್ರೆಯ ನಕ್ಷೆಯನ್ನು ಕಂಪ್ಯೂಟರಿನೊಳಗೆ ಇಡುತ್ತೇನೆ. ಪರದೆಯ ಮೇಲೆ ಒಬ್ಬ ರೋಗಿಗೆ ಒಂದು ಚುಕ್ಕಿ. ಚುಕ್ಕಿ ಬಾಗಿಲಿಂದ ಬರುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ, ಚೀಟಿ ಕೊಡುತ್ತದೆ, ಗುಳಿಗೆ ತೆಗೆದುಕೊಂಡು ಹೋಗುತ್ತದೆ. ಒಳಗೆ ನಿಮ್ಮದೂ ಒಂದು ಚುಕ್ಕಿ ಇರುತ್ತದೆ, ಕಪಾಟಿಗೂ ಮೇಜಿಗೂ ನಡುವೆ ಓಡಾಡುತ್ತದೆ. ಒಂದು ವರ್ಷದ ಕೆಲಸವನ್ನು ಎರಡು ನಿಮಿಷದಲ್ಲಿ ಓಡಿಸಿ ನೋಡಬಹುದು. ಎಲ್ಲಿ ಇಕ್ಕಟ್ಟಾಗುತ್ತದೆ ಎಂಬುದು ಇಟ್ಟಿಗೆ ಇಡುವ ಮೊದಲೇ ಕಾಣುತ್ತದೆ. ಗೋಡೆಯನ್ನು ಒಂದು ಕೀಲಿ ಒತ್ತಿ ಆಚೆ ಈಚೆ ಸರಿಸಬಹುದು.

ಹನ್ನೆರಡು ದಿನ ಗಡಿಯಾರ ಹಿಡಿದು ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಆ ಹೊತ್ತಿನಲ್ಲಿ ಎಷ್ಟು ಅಡಿ ಉದ್ದದ ಮೇಜು ಬೇಕಾಯಿತು. ಸಂತೆಯ ದಿನಗಳೂ ಇರಲಿ. ನೀವು ಬರೆದದ್ದೇ ಕಂಪ್ಯೂಟರಿಗೆ ಗೊತ್ತಾಗುವುದು. ಅದರಾಚೆ ಅದಕ್ಕೆ ಏನೂ ಗೊತ್ತಿಲ್ಲ.

ಕುರ್ಚಿಯ ವಿಷಯಕ್ಕೆ ಉತ್ತರ ಬರೆಯುವುದಿಲ್ಲ.

ಯಂಕೇಶ


ಕುಷ್ಟಗಿ
6 ಆಗಸ್ಟ್ 2001

ಮಾನ್ಯ ಪ್ರೊಫೆಸರರಿಗೆ,

ಹನ್ನೆರಡು ದಿನದ ಲೆಕ್ಕ ಈ ಪತ್ರದ ಜೊತೆಗಿದೆ. ಗಡಿಯಾರ ನಮ್ಮ ಆಯಾ ಗೌಸಬೀಯದು. ಆಕೆ ಬಾಗಿಲಲ್ಲಿ ನಿಂತು ಹೊತ್ತು ಕೂಗುತ್ತಿದ್ದಳು, ನಾನು ಬರೆಯುತ್ತಿದ್ದೆ. ಎರಡನೆಯ ದಿನಕ್ಕೇ ಆಕೆಗೆ ಸಾಕಾಗಿ ಹೋಯಿತು.

"ಹತ್ತೂ ಇಪ್ಪತ್ತೊಂದ್! ಒಬ್ಬಾಂವ ಬಂದ. ಬಂದಾಂವ ಕೆಮ್ಮಾಕತ್ತಾನ. ಅದನ್ನೂ ಬರೀಬೇಕೇನ್ ತಂಗೀ?"

"ಬ್ಯಾಡ ಗೌಸಬೀ, ಹೊತ್ತಷ್ಟಽ ಹೇಳು."

"ಮತ್ತ ಆ ಕಂಪ್ಯೂಟರಿಗೆ ಕೆಮ್ಮೇನು ಗೊತ್ತಾಗ್ತೈತಿ? ಬರೀವಾ, ಪಾಪ."

ಕೆಮ್ಮು ಬರೆದಿಲ್ಲ. ಸಂತೆಯ ದಿನ ನೂರನಲವತ್ತು ಚೀಟಿ. ಒಂದೊಂದು ಚೀಟಿಯ ಮುಂದೆ ಬಂದ ಹೊತ್ತು, ಹೋದ ಹೊತ್ತು ಇದೆ. ಸಂತೆಯ ದಿನ ತಾವರಗೇರಾ ಕಡೆಯ ಕೆಲವರು ಗುಂಪಾಗಿ ಬರುತ್ತಾರೆ, ಅದನ್ನು ಗಮನಿಸಿ. ಬಹಳ ಜನ ಎಂಬುದು ನಿಮಗೂ ಕಾಣುತ್ತದೆ. ಇಷ್ಟು ಜನಕ್ಕೆ ಹತ್ತು ಅಡಿ ಕೋಣೆ ಸಾಕೇ ಎಂದು ನಿಮ್ಮ ಯಂತ್ರವೇ ಹೇಳಲಿ.

ಮೇಜಿನ ಅಳತೆಯ ಖಾನೆಯನ್ನು ಖಾಲಿ ಬಿಟ್ಟಿದ್ದೇನೆ. ನನಗೆ ಈಗ ಮೇಜಿಲ್ಲ, ಒಂದು ಹಲಗೆ ಮಾತ್ರ. ಇಲ್ಲದ್ದನ್ನು ಅಳೆಯುವುದು ಹೇಗೆ?

ಹುಲಗೆಮ್ಮ


ಗುಲಬರ್ಗಾ
28 ಆಗಸ್ಟ್ 2001

ಹುಲಗೆಮ್ಮ ಅವರಿಗೆ,

ಲೆಕ್ಕ ಬಹಳ ಅಚ್ಚುಕಟ್ಟಾಗಿದೆ. ಇಷ್ಟು ಶ್ರದ್ಧೆಯಿಂದ ಯಾರೂ ನನಗೆ ಬರೆದು ಕಳಿಸಿರಲಿಲ್ಲ. ಆದರೆ ಫಲಿತಾಂಶ ನಿಮಗೆ ಹಿಡಿಸಲಾರದು.

ಒಂದು ವರ್ಷವನ್ನು ಮುನ್ನೂರು ಸಲ ಓಡಿಸಿದೆ. ಒಳಗೆ ಇಕ್ಕಟ್ಟಿಲ್ಲ. ಒಂದು ಚೀಟಿಗೆ ಸುಮಾರು ಮೂರು ನಿಮಿಷ, ಒಂದು ಸಲಕ್ಕೆ ಒಬ್ಬ ರೋಗಿ, ಹಾಗಾಗಿ ಎರಡು ಅಡಿ ಮೇಜು ಸಾಕು. ಖಾಲಿ ಖಾನೆಗೆ ನಾನೇ ಎರಡು ಅಡಿ ಎಂದು ಹಾಕಿದ್ದೇನೆ. ತೊಂದರೆ ಇರುವುದು ಹೊರಗೆ. ಸಂತೆಯ ದಿನ ಹತ್ತೂವರೆಯ ಹೊತ್ತಿಗೆ ಮೂವತ್ತೊಂದು ಜನ ಒಟ್ಟಿಗೆ ಕಾಯುತ್ತಾರೆ. ಅದರಲ್ಲಿ ಹದಿನಾಲ್ಕು ಜನ ಒಂದೇ ನಿಮಿಷಕ್ಕೆ ಬಂದು ಒಂದೇ ನಿಮಿಷಕ್ಕೆ ಹೋಗಿದ್ದಾರೆ. ತಾವರಗೇರಾ ಕಡೆಯಿಂದ ಒಂದೇ ಟೆಂಪೋದಲ್ಲಿ ಬಂದವರಿರಬೇಕು, ಒಬ್ಬರನ್ನೊಬ್ಬರು ಬಿಟ್ಟು ಹೋಗುವುದಿಲ್ಲವೇನೋ. ಅವರೆಲ್ಲ ಕೂರಬೇಕಾದರೆ ಪಡಸಾಲೆಗೆ ಇಪ್ಪತ್ತಾರು ಅಡಿ ಬೇಕೇ ಬೇಕು.

ಅಂದರೆ ಗೋಡೆ ಎಂಜಿನಿಯರರು ಎಳೆದ ಜಾಗದಲ್ಲೇ ಸರಿಯಾಗಿದೆ. ಸೆಪ್ಟೆಂಬರ್ ಕೊನೆಗೆ ವರದಿ ಕಳಿಸುತ್ತೇನೆ.

ಯಂಕೇಶ


ಕುಷ್ಟಗಿ
1 ಸೆಪ್ಟೆಂಬರ್ 2001

ಪ್ರೊಫೆಸರರೇ,

ನಿಮ್ಮ ಯಂತ್ರಕ್ಕೆ ಕಣ್ಣಿಲ್ಲ. ಅದನ್ನು ಓಡಿಸುವವರಿಗಾದರೂ ಇರಬೇಕಿತ್ತು. ಜನರ ಲೆಕ್ಕವನ್ನು ನನ್ನ ಕೈಯಿಂದಲೇ ಬರೆಸಿಕೊಂಡು ಅದೇ ಲೆಕ್ಕದಿಂದ ನನ್ನ ಕೋಣೆಯನ್ನು ಕಿತ್ತುಕೊಂಡಿರಿ. ಕಮಿಟಿಗೆ ಏನು ಬೇಕಿತ್ತೋ ಅದನ್ನೇ ನಿಮ್ಮ ಕಂಪ್ಯೂಟರ್ ಹೇಳಿದೆ. ಓದಿದ ವರ್ಗ ಯಾವಾಗಲೂ ಯಾರ ಪರ ನಿಲ್ಲುತ್ತದೆ ಎಂದು ನಾನು ಓದಿದ್ದು ಸುಳ್ಳಲ್ಲ.

ವರದಿಯಲ್ಲಿ ಹದಿನೆಂಟು ಎಂದು ಬರೆಯಿರಿ. ಒಂದು ಅಂಕಿ ಬದಲಿಸಲು ನಿಮಗೆ ಒಂದು ನಿಮಿಷ ಸಾಕು. ಇಲ್ಲಿ ಮೂವತ್ತು ವರ್ಷ ಬದುಕುವವರು ನಾವು.

ಹುಲಗೆಮ್ಮ


ಗುಲಬರ್ಗಾ
8 ಸೆಪ್ಟೆಂಬರ್ 2001

ಹುಲಗೆಮ್ಮ ಅವರಿಗೆ,

ಬದಲಿಸುವುದಿಲ್ಲ. ನನಗೆ ಬೇಕಾದ ಅಂಕಿಯನ್ನೇ ಬರೆಯುವುದಾದರೆ ಕಂಪ್ಯೂಟರ್ ಯಾಕೆ? ಕಮಿಟಿಯವರು ನನ್ನನ್ನು ಈವರೆಗೆ ಒಂದು ಮಾತೂ ಕೇಳಿಲ್ಲ.

ಆದರೆ ನಿಮ್ಮ ಸಿಟ್ಟು ಸುಳ್ಳಿನದಲ್ಲ ಎನಿಸುತ್ತದೆ. ಎಲ್ಲೋ ಏನೋ ತಪ್ಪಿದೆ. ನಿನ್ನೆ ಆ ಹದಿನಾಲ್ಕು ಚುಕ್ಕಿಗಳನ್ನು ಮತ್ತೆ ನೋಡಿದೆ. ಹದಿನಾಲ್ಕು ಜನ ಟೆಂಪೋದಿಂದ ಇಳಿದರೂ ಬಾಗಿಲಿಗೆ ಒಂದೇ ನಿಮಿಷದಲ್ಲಿ ಬರುವುದಿಲ್ಲ. ಒಬ್ಬರು ಚಹಾ ಕುಡಿಯಲು ನಿಲ್ಲುತ್ತಾರೆ, ಒಬ್ಬರು ಚಪ್ಪಲಿ ಹುಡುಕುತ್ತಾರೆ. ಇವರು ಹನ್ನೆರಡು ದಿನದಲ್ಲಿ ಎರಡು ಸಂತೆಗೂ ಹಾಗೆಯೇ ಬಂದಿದ್ದಾರೆ, ಒಬ್ಬ ಮನುಷ್ಯ ಬಂದ ಹಾಗೆ.

ಈ ಹದಿನಾಲ್ಕು ಜನ ಯಾರು? ಅಷ್ಟು ಹೇಳಿ. ವರದಿಯನ್ನು ತಡೆಹಿಡಿದಿದ್ದೇನೆ.

ಯಂಕೇಶ


ಕುಷ್ಟಗಿ
19 ಸೆಪ್ಟೆಂಬರ್ 2001

ಮಾನ್ಯರೇ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ಆ ಹದಿನಾಲ್ಕು ಜನ ಒಬ್ಬಳೇ. ಹೆಸರು ಮುದುಕವ್ವ. ತಾವರಗೇರಾದಿಂದ ಒಳಗೆ ಒಂದು ಹಳ್ಳಿ, ಬಸ್ಸಿಗೆ ನಾಲ್ಕು ಮೈಲಿ ನಡೆಯಬೇಕು. ಆಕೆಯ ಓಣಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆ ಇರುವವರು ಹದಿನಾಲ್ಕು ಮಂದಿ. ಎಲ್ಲರೂ ಕೂಲಿಯವರು. ಗುಳಿಗೆಗಾಗಿ ದಿನ ಕೆಡಿಸಿಕೊಳ್ಳಲಾರರು. ಹೀಗಾಗಿ ವಾರ ವಾರ ಸಂತೆಗೆ ಎಲ್ಲರ ಚೀಟಿಯನ್ನೂ ಮುದುಕವ್ವ ತರುತ್ತಾಳೆ. ಅವರಲ್ಲಿ ಓದು ಬಲ್ಲವರಿಲ್ಲ, ಆಕೆಗೂ ಬಾರದು. ಅದಕ್ಕೆ ಪ್ರತಿ ಮನೆಯಿಂದ ಹಳೆ ಸೀರೆಯ ಒಂದು ಚೂರು ತಂದು, ಚೀಟಿಯನ್ನು ಅದರಲ್ಲಿ ಸುತ್ತಿರುತ್ತಾಳೆ. ಅದೇ ಅರಿವೆಯಲ್ಲಿ ಆ ಮನೆಯ ಗುಳಿಗೆ ಕಟ್ಟಿ ಒಯ್ಯುತ್ತಾಳೆ. ಹಸಿರು ಅಂಚಿನದು ಒಂದು ಮನೆ, ಬೂದು ಚುಕ್ಕಿಯದು ಇನ್ನೊಂದು.

ಹದಿನಾಲ್ಕೂ ಹಾಸುವವರೆಗೆ ಒಂದು ಗಂಟನ್ನೂ ಕಟ್ಟಗೊಡುವುದಿಲ್ಲ. ಎಲ್ಲವನ್ನೂ ಸಾಲಾಗಿ ಬಿಚ್ಚಿಟ್ಟು, ಈ ತುದಿಯಿಂದ ಆ ತುದಿಗೆ ಮನೆ ಮನೆ ಹೆಸರು ಹೇಳುತ್ತಾ ನೋಡಿಕೊಂಡು ಹೋಗುತ್ತಾಳೆ. ಅದು ಆಕೆಯ ಓದು. ಮುಕ್ಕಾಲು ಗಂಟೆಯ ಕೆಲಸ. ನನ್ನ ಹಲಗೆಯ ಮೇಲೆ ಮೂರು ಅರಿವೆ ಹಿಡಿಯುತ್ತವೆ, ಉಳಿದವನ್ನು ನೆಲದ ಮೇಲೆ ಹಾಸುತ್ತೇವೆ. ಗೌಸಬೀ ಕಾಲೆತ್ತಿ ದಾಟುತ್ತಾಳೆ. ಹೋದ ವರ್ಷ ಆಷಾಢದಲ್ಲಿ ಒಂದು ದಿನ ಗಾಳಿ ಬೀಸಿ ಎರಡು ಅರಿವೆ ಮಗುಚಿದವು. ನಾನು ಬೇಗ ಬೇಗ ಕೂಡಿಸಿಟ್ಟೆ. ಮುದುಕವ್ವ ತಡೆದಳು.

"ಏ ತಂಗಿ, ಇಲ್ನೋಡು. ಯಂಕವ್ವನ ಗುಳಿಗಿ ಬಿಳೇವು. ಇವು ಹಳದಿ ಅದಾವಲ್ಲ?"

ಮೂರ್ಛೆಯ ಗುಳಿಗೆ ರಕ್ತದೊತ್ತಡದವಳ ಅರಿವೆಗೆ ಬಿದ್ದಿತ್ತು. ಹದಿನಾಲ್ಕನ್ನೂ ಮೊದಲಿನಿಂದ ಎಣಿಸಿದೆ. ಅವತ್ತು ಆಕೆ ನೋಡದಿದ್ದರೆ? ಹದಿನೆಂಟು ಅಡಿಯ ಮೊದಲ ಅರ್ಜಿ ಬರೆದದ್ದು ಆ ಸಂಜೆಯೇ.

ಹಾಗಾದರೆ ಕಾರಣ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀರಿ. ನಮ್ಮ ಗೋಡೆಯ ಮೇಲೆ ಕಮಿಟಿಯ ನಿಯಮ ಇದೆ: ರೋಗಿ ಖುದ್ದಾಗಿ ಬಂದರೆ ಮಾತ್ರ ಔಷಧ. ಎರಡು ವರ್ಷದಿಂದ ನಾನು ಅದನ್ನು ಮುರಿಯುತ್ತಿದ್ದೇನೆ. ಹೇಳಿದರೆ ನನ್ನ ಕೆಲಸ ಹೋಗುವುದು ಹಾಗಿರಲಿ, ಮುದುಕವ್ವ ಬರುವುದು ನಿಲ್ಲುತ್ತದೆ, ಓಣಿಯ ಗುಳಿಗೆ ನಿಲ್ಲುತ್ತದೆ. ಅದಕ್ಕೆ ಒಬ್ಬಳನ್ನು ಹದಿನಾಲ್ಕು ಜನ ಎಂದು ಬರೆದೆ. ಆರು ಚೀಟಿ ತರುವ ಚಾಂದಸಾಬನನ್ನು ಆರು ಜನ ಎಂದು ಬರೆದೆ. ಜನ ಹೆಚ್ಚು ಕಂಡರೆ ನಮ್ಮ ಕೋಣೆ ದೊಡ್ಡದಾಗುತ್ತದೆ ಎಂದುಕೊಂಡಿದ್ದೆ. ದೊಡ್ಡದಾದದ್ದು ಪಡಸಾಲೆ. ನನ್ನ ಸುಳ್ಳೇ ಗೋಡೆಯನ್ನು ನನ್ನ ಕಡೆಗೆ ತಳ್ಳಿತು.

ನಿಮ್ಮನ್ನು ಕುರುಡರು ಎಂದೆ. ಕಣ್ಣು ಕಟ್ಟಿದವಳು ನಾನೇ. ಕ್ಷಮೆ ಇರಲಿ.

ಹುಲಗೆಮ್ಮ


ಗುಲಬರ್ಗಾ
27 ಸೆಪ್ಟೆಂಬರ್ 2001

ಸೋದರಿ ಹುಲಗೆಮ್ಮಗೆ,

ಮೊದಲು ನನ್ನದೊಂದು ಒಪ್ಪಿಸಿಬಿಡುತ್ತೇನೆ. ನಾನು ಪ್ರೊಫೆಸರ್ ಅಲ್ಲ. ಎಂ.ಟೆಕ್ ಎರಡನೆಯ ವರ್ಷದ ವಿದ್ಯಾರ್ಥಿ. ವಿರುಪಣ್ಣ ಮಾಸ್ತರರ ಪತ್ರ ನಮ್ಮ ಗುರುಗಳಿಗೆ ಬಂತು, ಅವರು ಅದನ್ನು ನನ್ನ ಪ್ರಬಂಧಕ್ಕೆಂದು ಕೊಟ್ಟರು. ನೀವು ಪ್ರೊಫೆಸರ್ ಎಂದು ಬರೆದಾಗ ತಿದ್ದಬೇಕಿತ್ತು. ತಿದ್ದಿದರೆ ನಮೂನೆ ತುಂಬುವುದಿಲ್ಲವೇನೋ ಎಂದು ಹೆದರಿದೆ. ಆ ಹೆಸರು ಸ್ವಲ್ಪ ಹಿತವಾಗಿಯೂ ಇತ್ತು. ಕುರ್ಚಿ ತಿರುಗುವುದಿಲ್ಲ, ಒಂದು ಕಾಲು ಗಿಡ್ಡ. ಇಡೀ ವಿಭಾಗಕ್ಕೆ ಆರು ಕಂಪ್ಯೂಟರ್, ಪಾಳಿ ಬಂದಾಗ ಕೂರಬೇಕು. ಅಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲ. ನಿಮ್ಮ ಹೊತ್ತಿಗೆಗಳು ಹೇಳುವ ಓದಿದ ವರ್ಗಕ್ಕೆ ನಾನು ಇನ್ನೂ ಸರಿಯಾಗಿ ಸೇರಿಲ್ಲ.

ಈಗ ಲೆಕ್ಕ. ಹದಿನಾಲ್ಕು ಚುಕ್ಕಿ ಅಳಿಸಿ ಒಂದು ಚುಕ್ಕಿ ಇಟ್ಟೆ. ಅದಕ್ಕೆ ಮುದುಕವ್ವ ಎಂದೇ ಹೆಸರು ಕೊಟ್ಟಿದ್ದೇನೆ. ಚಾಂದಸಾಬನಿಗೂ ಒಂದೇ. ಹೊರಗೆ ಕಾಯುವವರು ಮೂವತ್ತೊಂದರಿಂದ ಹದಿಮೂರಕ್ಕೆ ಇಳಿದರು. ಒಳಗೆ ಮಾತ್ರ ಎಲ್ಲ ಕಟ್ಟಿಕೊಂಡಿತು. ಒಂದು ಅರಿವೆಗೆ ಒಂದೂಕಾಲು ಅಡಿ ಹಿಡಿದರೆ ಹದಿನಾಲ್ಕಕ್ಕೆ ಹದಿನೇಳೂವರೆ ಅಡಿ ಮೇಜು ಬೇಕು, ಮುಕ್ಕಾಲು ಗಂಟೆ ಪೂರ್ತಿ ಅದು ತೆರವಾಗುವುದಿಲ್ಲ. ಹತ್ತು ಅಡಿ ಕೋಣೆಯಲ್ಲಿ ನಿಮ್ಮ ಚುಕ್ಕಿ ಅಲ್ಲಾಡದೆ ನಿಂತುಬಿಟ್ಟಿತು. ಗೋಡೆಯನ್ನು ಸರಿಸುತ್ತಾ ಹೋದೆ. ಹದಿನೆಂಟಕ್ಕೆ ಬಂದಾಗ ಅದು ನಡೆದಾಡಿತು. ನೀವು ಕಣ್ಣಳತೆಯಲ್ಲಿ ಹೇಳಿದ್ದೂ ಅದೇ ಅಂಕಿ. ಪಡಸಾಲೆಗೆ ಉಳಿಯುವುದು ಹದಿನೆಂಟು, ಹದಿಮೂರು ಜನಕ್ಕೆ ಧಾರಾಳ. ಚಾವಣಿ ಅದೇ, ಪಾಯ ಅದೇ, ಗೋಡೆ ಮಾತ್ರ ಎಂಟು ಅಡಿ ಸರಿಯಬೇಕು.

ಆದರೆ ವರದಿಯಲ್ಲಿ ಮುದುಕವ್ವನ ವಿಷಯ ಬರೆಯದೆ ಹದಿನೆಂಟಕ್ಕೆ ಕಾರಣ ಕೊಡಲಾರೆ. ಬರೆದರೆ ಕಮಿಟಿಗೆ ಎಲ್ಲ ತಿಳಿಯುತ್ತದೆ. ನೀವು ಹ್ಞೂಂ ಅನ್ನುವವರೆಗೆ ಕಳಿಸುವುದಿಲ್ಲ.

ಯಂಕೇಶ


ಕುಷ್ಟಗಿ
10 ಅಕ್ಟೋಬರ್ 2001

ಯಂಕೇಶಣ್ಣ,

ಪ್ರೊಫೆಸರ್ ಅಲ್ಲದಿದ್ದದ್ದೇ ಒಳ್ಳೆಯದಾಯಿತು. ಪ್ರೊಫೆಸರರೊಬ್ಬರಿಗೆ ಇಷ್ಟು ಬೈದಿದ್ದರೆ ನಾಚಿಕೆ ಪಡಬೇಕಾಗಿತ್ತು.

ನಿಮ್ಮ ವರದಿಗೆ ಕಾಯಲಿಲ್ಲ. ನಾನೇ ಹೇಳಬೇಕು ಎನಿಸಿತು. ಸಂತೆಯ ದಿನವೇ ಕಮಿಟಿಯ ಸಭೆ ಇತ್ತು. ಮುದುಕವ್ವನನ್ನು ಕರೆದುಕೊಂಡು ಒಳಗೆ ಹೋದೆ. ಏನೆಂದು ಶುರು ಮಾಡಬೇಕೋ ತಿಳಿಯದೆ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಹಕ್ಕು ಎಂಬ ಮಾತು ಅದರಲ್ಲಿ ಒಂಬತ್ತು ಸಲ ಇತ್ತು. ಎರಡನೆಯ ಹಕ್ಕಿಗೇ ಮುದುಕವ್ವ ತಡೆದಳು.

"ಸಾಕ್ ಬಿಡ್ ತಂಗಿ. ಅವರಿಗೆ ತೋರಸೂಣು."

ಸಂಚಿ ಬಿಚ್ಚಿ, ಅವರ ಉದ್ದನೆಯ ಮೇಜಿನ ಮೇಲೆ ಅರಿವೆ ಹಾಸುತ್ತಾ ಹೋದಳು. ಒಂದೊಂದಕ್ಕೂ ಮನೆಯ ಹೆಸರು, ಕಾಯಿಲೆ, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು. ಒಂದೂ ತಪ್ಪಲಿಲ್ಲ. ಡಾಕ್ಟರರು ಚೀಟಿ ಹಿಡಿದು ತಾಳೆ ನೋಡುತ್ತಿದ್ದರು. ಹನ್ನೊಂದನೆಯ ಅರಿವೆಗೆ ಎಲ್ಲರೂ ಚಹಾದ ಕಪ್ಪನ್ನು ಕೈಗೆತ್ತಿಕೊಂಡರು. ಹದಿನಾಲ್ಕನೆಯದಕ್ಕೆ ವಿರುಪಣ್ಣ ಮಾಸ್ತರರ ಕಡತವೂ ಮೇಜಿನಿಂದ ಇಳಿಯಿತು.

"ಏನವಾ ಮುದುಕವ್ವಾ, ನಮ್ಮ ಚಾದ ಕಪ್ಪು ಎಲ್ಲಿಡೂದು?"

"ಅದನ್ನಽ ಕೇಳಾಕ ಬಂದೇವ್ರಿ ಮಾಸ್ತರ. ನಾವು ಗುಳಿಗಿ ಎಲ್ಲಿಡೂದು?"

ಯಾರೋ ನಕ್ಕರು. ಮಾಸ್ತರರು ನಗಲಿಲ್ಲ.

"ಹುಲಗೆಮ್ಮಾ, ಎರಡು ವರ್ಷ ನಮ್ಮ ಕಣ್ಣಿಗೆ ಮಣ್ಣು ಹಾಕೀಯಲ್ಲ. ಒಂದ್ ಮಾತು ಕೇಳಿದ್ರ ನಾವು ಬ್ಯಾಡ ಅಂತಿದ್ವೇನು?"

"ಅಂತೀರಿ ಅಂತ ತಿಳಕೊಂಡಿದ್ನಿರಿ."

"ಕೇಳದಽ ತಿಳಕೊಂಡಿ. ನೀನು ಓದೂ ಪುಸ್ತಕದಾಗ ಕಮಿಟಿಯವರು ಅಂದ್ರ ಅಷ್ಟಽ ಏನು?"

ನಿಯಮ ಯಾಕೆ ಮಾಡಿದ್ದು ಎಂದು ಡಾಕ್ಟರರು ವಿವರಿಸಿದರು. ರೋಗಿಯನ್ನು ನೋಡದೆ ವರ್ಷಗಟ್ಟಲೆ ಅದೇ ಗುಳಿಗೆ ಕೊಟ್ಟರೆ ಅಪಾಯ. ಅದೂ ನಿಜ, ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಕೊನೆಗೆ ಹೀಗೆ ಮಾಡಿದರು: ಮೂರು ತಿಂಗಳಿಗೊಮ್ಮೆ ಡಾಕ್ಟರರೇ ಆ ಓಣಿಗೆ ಹೋಗಿ ಎಲ್ಲರನ್ನೂ ನೋಡುವುದು, ನಡುವಿನ ತಿಂಗಳುಗಳಲ್ಲಿ ಓಣಿಯವರು ಒಪ್ಪಿದ ಒಬ್ಬರು ಎಲ್ಲರ ಗುಳಿಗೆ ಒಯ್ಯಬಹುದು. ಗೋಡೆ ಎಂಟು ಅಡಿ ಸರಿಯುತ್ತದೆ. ನನಗೆ ಲಿಖಿತ ಎಚ್ಚರಿಕೆ ಕೊಟ್ಟರು. ಸಹಿ ಹಾಕಿ ತೆಗೆದುಕೊಂಡೆ. ನ್ಯಾಯವಾದದ್ದೇ.

ಬಸ್ಸಿಗೆ ಬಿಡಲು ಹೋದಾಗ ಮುದುಕವ್ವನಿಗೆ ನಿಮ್ಮ ಚುಕ್ಕಿಯ ವಿಷಯ ಹೇಳಿದೆ. ಗುಲಬರ್ಗಾದಲ್ಲಿ ನಿನ್ನ ಹೆಸರಿನವಳು ಒಬ್ಬಳು ಪೆಟ್ಟಿಗೆಯೊಳಗೆ ದಿನಾ ಗುಳಿಗೆ ಒಯ್ಯುತ್ತಾಳೆ ಎಂದೆ. ಆಕೆ ಕೇಳಿದಳು:

"ಆ ಪೆಟ್ಟಿಗ್ಯಾಗಿನ ಮುದುಕವ್ವಗ ಕುಂದ್ರಾಕ ಏನರ ಹಾಕ್ಯಾನೇನು ಆ ಹುಡುಗ? ಇಲ್ಲಾ ಹಂಗಽ ನಿಂದರಿಸ್ಯಾನೋ?"

ನನಗೆ ಗೊತ್ತಿಲ್ಲ ಎಂದೆ. ನೀವೇ ಹೇಳಿ.

ಹುಲಗೆಮ್ಮ


ಗುಲಬರ್ಗಾ
17 ಅಕ್ಟೋಬರ್ 2001

ತಂಗಿ ಹುಲಗೆಮ್ಮ,

ನಿಂದರಿಸಿದ್ದೇನೆ ಎಂದು ಆಕೆಗೆ ಹೇಳಬೇಡ.

ಕೊಠಡಿ, ಕಪಾಟು, ಮೇಜು, ಗಾಳಿ ಬರುವ ಕಿಟಕಿ, ಎಲ್ಲವನ್ನೂ ಇಟ್ಟಿದ್ದೆ. ಹೊರಗೆ ಕಾಯುವವರಿಗೆ ಬೆಂಚು ಹಾಕಿದ್ದೆ. ಒಳಗೆ ಮುಕ್ಕಾಲು ಗಂಟೆ ಕಣ್ಣು ಕೀಳದೆ ನೋಡುವವಳಿಗೆ ಏನೂ ಇಲ್ಲ. ಮುದುಕವ್ವನ ಚುಕ್ಕಿ ಇಟ್ಟು ಒಂದು ವರ್ಷವನ್ನು ಮುನ್ನೂರು ಸಲ ಓಡಿಸಿದ್ದೇನೆ. ಲೆಕ್ಕ ಹಿಡಿದರೆ ಮುನ್ನೂರು ವರ್ಷ ಆ ಮುದುಕಿಯನ್ನು ನಿಲ್ಲಿಸಿದ್ದೇನೆ. ನಮ್ಮ ಗುರುಗಳೂ ಗಮನಿಸಿರಲಿಲ್ಲ.

ಈಗ ಒಂದೂವರೆ ಅಡಿಯ ಕಲ್ಲಿನ ಕಟ್ಟೆ ಹಾಕಿದ್ದೇನೆ, ಮೇಜಿನ ನಡುಭಾಗಕ್ಕೆ ಎದುರಾಗಿ, ಎರಡೂ ತುದಿ ಕಾಣುವ ಹಾಗೆ. ನೀನು ಓಡಾಡುವ ದಾರಿಗೆ ಅಡ್ಡ ಬರುವುದಿಲ್ಲ, ಮತ್ತೆ ಓಡಿಸಿ ನೋಡಿದೆ. ಅದನ್ನು ಸೇರಿಸಿ ವರದಿಯನ್ನು ಇವತ್ತೇ ಕೊಪ್ಪಳದ ಎಂಜಿನಿಯರರಿಗೂ ಕಳಿಸಿದೆ. ಪ್ರಬಂಧದಲ್ಲಿ ಬಹಳ ಜನಕ್ಕೆ ಕೃತಜ್ಞತೆ ಹೇಳಬೇಕು. ಗೌಸಬೀಯ ಗಡಿಯಾರ ಮೊದಲು ಬರುತ್ತದೆ.

ಯಂಕೇಶ


ಕುಷ್ಟಗಿ
22 ಏಪ್ರಿಲ್ 2002

ಯಂಕೇಶಣ್ಣ,

ಹೊಸ ಕೋಣೆಗೆ ಬಂದು ಇವತ್ತಿಗೆ ಐದು ದಿನ. ಸುಣ್ಣದ ವಾಸನೆ ಇನ್ನೂ ಹೋಗಿಲ್ಲ. ಗೋಡೆಯನ್ನು ನಾನೇ ಟೇಪು ಹಿಡಿದು ಅಳೆದೆ. ಈಚೆ ಹದಿನೆಂಟು, ಆಚೆ ಹದಿನೆಂಟು. ಗೌಸಬೀ ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿಗೈಯಲ್ಲಿ ಸುಮ್ಮನೆ ಎರಡು ಸಲ ನಡೆದಳು. ಈಗ ಯಾವ ಅರಿವೆಯನ್ನೂ ದಾಟಬೇಕಾಗಿಲ್ಲ.

ನಿನ್ನೆ ಮುದುಕವ್ವ ಬಂದಳು. ಕಟ್ಟೆಯನ್ನು ಕೈಯಿಂದ ಸವರಿ, ತಂಪೈತಿ ಎಂದು ಕೂತಳು. ಹದಿನಾಲ್ಕು ಅರಿವೆ ಸಾಲಾಗಿ ಹಾಸಿದೆ. ತುದಿಯಿಂದ ತುದಿಗೆ ನೋಡಿ, ಮನೆ ಮನೆ ಹೆಸರು ಹೇಳಿ ಸರಿ ಎಂದಳು. ಎಲ್ಲ ನಿನ್ನ ಲೆಕ್ಕದ ಪ್ರಕಾರ ನಡೆಯಿತು. ಮೇಜಿನಲ್ಲಿ ಉಳಿದದ್ದು ಅರ್ಧ ಅಡಿ.

ಆಗ ಸೊಂಟದಿಂದ ಇನ್ನೊಂದು ಅರಿವೆ ತೆಗೆದಳು. ಕೆಂಪು ಗೆರೆಯದು. ಓಣಿಗೆ ಹೊಸ ಸೊಸೆ ಬಂದಿದ್ದಾಳಂತೆ, ಮೂರ್ಛೆ ಇದೆಯಂತೆ, ಡಾಕ್ಟರರು ಹೋದಾಗ ನೋಡಿ ಚೀಟಿ ಬರೆದಿದ್ದಾರೆ. ಹದಿನೈದನೆಯದು. ನಾನು ಮೇಜು ನೋಡಿದೆ, ನೆಲ ನೋಡಿದೆ. ಮತ್ತೆ ನೆಲಕ್ಕೇ ಬಂದೆವಲ್ಲ ಎಂದು ನನಗೆ ಅಳು ಬಂದಿತ್ತು.

"ಯಾಕ್ ಹಂಗ ನೋಡ್ತೀ? ಇಲ್ಲಿ ಜಾಗ ಇಲ್ಲೇನು?" ಎಂದು ಅರಿವೆಯನ್ನು ತನ್ನ ತೊಡೆಯ ಮೇಲೆ ಹಾಸಿಕೊಂಡಳು. ನಾನು ಗುಳಿಗೆ ಎಣಿಸಿ ಅಲ್ಲಿಯೇ ಇಟ್ಟೆ.

ಕೂತವಳಿಗೆ ತೊಡೆ ಇರುತ್ತದೆ. ಅದನ್ನು ನೀನೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ನಾನೂ ಹಿಡಿದಿರಲಿಲ್ಲ.

ಹೋಗುವಾಗ ನಿನಗೆ ಒಂದು ಮಾತು ಹೇಳಿ ಕಳಿಸಿದ್ದಾಳೆ. ಹೇಳಿದ ಹಾಗೆಯೇ ಬರೆಯುತ್ತೇನೆ: "ನಾ ಕುಂತೀನಿ ಅಂತ ಆ ಪೆಟ್ಟಿಗ್ಯಾಗಿನ ಆಕಿಗೂ ಹೇಳ್ಲಿ ಅವ. ಆಕೀನೂ ಕುಂದರ್ಲಿ."

ಹುಲಗೆಮ್ಮ